ತನ್ನ ನೆಲೆಯನ್ನು ತಾನರಿಯುವ ಮೋಟಾರು

ವಿದ್ಯುತ್ ಮೋಟಾರು ಇಲ್ಲದ ಮನೆ ಇಂದು ವಿರಳ. ಚಾವಣಿಯ ಫ್ಯಾನು, ಅಡುಗೆಮನೆಯ ಮಿಕ್ಸರ್, ನೀರೆತ್ತುವ ಪಂಪು, ಇವೆಲ್ಲವುಗಳ ಒಡಲಲ್ಲಿ ಮೋಟಾರು ತಿರುಗುತ್ತದೆ. ಆದರೆ ಇಂತಹ ಸಾಮಾನ್ಯ ಮೋಟಾರಿಗೆ ತನ್ನ ದಂಡ ಈ ಗಳಿಗೆಯಲ್ಲಿ ಯಾವ ಕೋನದಲ್ಲಿದೆ ಎಂಬುದರ ಅರಿವಿಲ್ಲ. ಅದರ ಅಗತ್ಯವೂ ಇಲ್ಲ. ಫ್ಯಾನಿನ ರೆಕ್ಕೆ ಎಲ್ಲಿ ನಿಂತರೂ ಗಾಳಿಗೆ ಕೊರತೆಯಾಗದು. ಯಂತ್ರದ ತೋಳು ಮೇಜಿನ ಮೇಲಿನ ಒಂದು ಮಣಿಯನ್ನು ಎತ್ತಿ ಪಕ್ಕದ ಬಟ್ಟಲಿಗೆ ಹಾಕಬೇಕಾದರೆ ಮಾತ್ರ ಪರಿಸ್ಥಿತಿ ಬೇರೆ. ಅಲ್ಲಿ ತಿರುಗುವ ಶಕ್ತಿಗಿಂತಲೂ ತಕ್ಕ ಸ್ಥಳದಲ್ಲಿ ನಿಲ್ಲುವ ಶಕ್ತಿ ಮುಖ್ಯ. ಈ ಕೆಲಸಕ್ಕೆಂದೇ ರೂಪುಗೊಂಡ ಸಾಧನ ಸರ್ವೋ ಮೋಟಾರು.

ಈ ಹೆಸರಿಗೆ ಒಂದು ಇತಿಹಾಸವಿದೆ. ದಾಸ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಈ ಹೆಸರನ್ನು ಬಳಕೆಗೆ ತಂದವನು ಫ್ರಾನ್ಸಿನ ಎಂಜಿನಿಯರ್ ಜೋಸೆಫ್ ಫಾರ್ಕೋ. ಹಡಗಿನ ಭಾರವಾದ ಚುಕ್ಕಾಣಿಯನ್ನು ಉಗಿಯ ಬಲದಿಂದ ತಿರುಗಿಸಿ, ನಾವಿಕನ ಕೈ ತೋರಿದ ಸ್ಥಾನದಲ್ಲಿಯೇ ನಿಲ್ಲಿಸುವ ವ್ಯವಸ್ಥೆಯ ಬಗ್ಗೆ ಅವನು 1873ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಅಂದು ಹಡಗಿನ ಒಡಲಲ್ಲಿದ್ದ ತತ್ತ್ವವೇ ಇಂದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಅಡಗಿದೆ. ಇಂತಹ ಪುಟ್ಟ ಸರ್ವೋಗಳು ಮೊದಲು ಹೆಚ್ಚಾಗಿ ಬಳಕೆಯಾದುದು ರೇಡಿಯೋ ನಿಯಂತ್ರಣದ ಮಾದರಿ ವಿಮಾನಗಳಲ್ಲಿ. ಅನಂತರ ಅವು ಹವ್ಯಾಸಿಗಳ ರೋಬೋಟುಗಳಿಗೆ ಕೈಕಾಲುಗಳಾದವು.

ವಿದ್ಯಾರ್ಥಿಗಳಲ್ಲಿ ಬಹು ಪ್ರಚಲಿತವಾಗಿರುವ ಎಸ್‌ಜಿ-90 ಎಂಬ ಮಾದರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ತೂಕ ಸುಮಾರು 9 ಗ್ರಾಂ. ಇದರೊಳಗೆ ನಾಲ್ಕು ಅಂಗಗಳಿವೆ. ಮೊದಲನೆಯದು, ವೇಗವಾಗಿ ತಿರುಗುವ ಒಂದು ಪುಟ್ಟ ಮೋಟಾರು. ಎರಡನೆಯದು, ಆ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಚಕ್ರಗಳ ಸಾಲು. ಮೂರನೆಯದು, ಹೊರದಂಡಕ್ಕೆ ಜೋಡಿಸಿರುವ ಪೊಟೆನ್ಷಿಯೊಮೀಟರ್. ರೇಡಿಯೋದ ಧ್ವನಿ ಹೆಚ್ಚು ಕಡಿಮೆ ಮಾಡುವ ಗುಂಡಿಯ ಹಿಂದಿರುವುದೂ ಇದೇ ಬಗೆಯ ಸಾಧನ. ದಂಡ ತಿರುಗಿದಂತೆ ಇದರ ನಡುತಂತಿಯ ವೋಲ್ಟೇಜ್ ಬದಲಾಗುತ್ತದೆ. ನಾಲ್ಕನೆಯದು, ಬಂದ ಆಜ್ಞೆಯನ್ನೂ ಈ ವೋಲ್ಟೇಜನ್ನೂ ಹೋಲಿಸಿ, ಎರಡೂ ಸರಿಹೊಂದುವವರೆಗೆ ಮೋಟಾರನ್ನು ತಿರುಗಿಸುವ ಮಂಡಲ.

ಆಜ್ಞೆ ತಲಪುವುದು ಮೂರು ತಂತಿಗಳಲ್ಲಿ ಒಂದರ ಮೂಲಕ. ಉಳಿದೆರಡು ವಿದ್ಯುತ್ ಪೂರೈಕೆಗೆ. ಸೆಕೆಂಡಿಗೆ 50 ಬಾರಿ, ಅಂದರೆ 20 ಮಿಲಿಸೆಕೆಂಡಿಗೊಮ್ಮೆ, ಒಂದು ವಿದ್ಯುತ್ ಮಿಡಿತ ಬರುತ್ತದೆ. ಆ ಮಿಡಿತದ ಅವಧಿಯೇ ಆಜ್ಞೆ. ಅವಧಿ 1.5 ಮಿಲಿಸೆಕೆಂಡ್ ಇದ್ದರೆ ದಂಡ ನಡುವಿನಲ್ಲಿ ನಿಲ್ಲಬೇಕು. ಅದು 1 ಮಿಲಿಸೆಕೆಂಡಿನಿಂದ 2 ಮಿಲಿಸೆಕೆಂಡಿಗೆ ಏರಿದರೆ ದಂಡ ಸುಮಾರು 90 ಡಿಗ್ರಿ ಸರಿಯುತ್ತದೆ.

ಇಲ್ಲಿ ಒಂದು ಅಂಶವನ್ನು ಮನದಟ್ಟು ಮಾಡಿಕೊಳ್ಳುವುದು ಅವಶ್ಯಕ. ಸರ್ವೋದ ಹಿರಿಮೆ ಇರುವುದು ಅದರ ಬಲದಲ್ಲಿ ಅಲ್ಲ. ತನ್ನ ನೆಲೆಯನ್ನು ತಾನು ಅರಿಯುವ ಹಿಮ್ಮಾಹಿತಿಯಲ್ಲಿ. ಹವ್ಯಾಸಿಗಳು ಈ ಮೋಟಾರನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸುವ ಬಗೆಗಳು ಹಲವು. ಪ್ರತಿಯೊಂದು ಬಗೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮಾರ್ಪಾಟಿನಿಂದ ಮೋಟಾರಿನ ಆ ಅರಿವು ಹೆಚ್ಚಿತೇ, ಉಳಿಯಿತೇ, ಅಳಿಯಿತೇ?

ಮೊದಲನೆಯ ಮಾರ್ಪಾಟು, ಅರ್ಧಸುತ್ತು ಮಾತ್ರ ತಿರುಗುವ ಸರ್ವೋವನ್ನು ಎಡೆಬಿಡದೆ ತಿರುಗುವಂತೆ ಮಾಡುವುದು. ಪುಟ್ಟ ಗಾಡಿಯ ಗಾಲಿಗೆ ಇದು ಅನುಕೂಲ. ಪೆಟ್ಟಿಗೆಯ ತಳದ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ, ಕೊನೆಯ ಹಲ್ಲುಚಕ್ರದ ಮೇಲಿರುವ ತಡೆಗಟ್ಟನ್ನು ಚೂಪಾದ ಬ್ಲೇಡಿನಿಂದ ಕತ್ತರಿಸುತ್ತಾರೆ. ಪೊಟೆನ್ಷಿಯೊಮೀಟರನ್ನು ದಂಡದಿಂದ ಬೇರ್ಪಡಿಸಿ, ಅದರ ಸ್ಥಾನದಲ್ಲಿ ಸಮಾನ ಬೆಲೆಯ ಎರಡು ರೋಧಕಗಳನ್ನು ಬೆಸೆಯುತ್ತಾರೆ. ಪೊಟೆನ್ಷಿಯೊಮೀಟರ್ 5 ಕಿಲೋಓಮಿನದಾಗಿದ್ದರೆ 2.2 ಅಥವಾ 2.7 ಕಿಲೋಓಮಿನ ಎರಡು ರೋಧಕಗಳು ಸಾಕು. ಒಂದೇ ಬೆಲೆಯವೆಂದು ಮಾರುವ ರೋಧಕಗಳಲ್ಲಿಯೂ ಸ್ವಲ್ಪ ಅಂತರವಿರುವುದರಿಂದ, ಹತ್ತಾರನ್ನು ಮಲ್ಟಿಮೀಟರಿನಿಂದ ಅಳೆದು ಸರಿಸಮನಾದ ಜೋಡಿಯನ್ನು ಆರಿಸುವುದು ಲೇಸು.

ಇದಾದ ಮೇಲೆ ಮಂಡಲಕ್ಕೆ ದಂಡ ಸದಾ ನಡುವಿನಲ್ಲಿಯೇ ಇರುವಂತೆ ತೋರುತ್ತದೆ. 1.5 ಮಿಲಿಸೆಕೆಂಡಿನ ಮಿಡಿತ ಬಂದರೆ ಮೋಟಾರು ನಿಲ್ಲುತ್ತದೆ. ಮಿಡಿತ ಅದಕ್ಕಿಂತ ಹೆಚ್ಚಾದರೆ ಒಂದು ದಿಕ್ಕಿಗೆ, ಕಡಿಮೆಯಾದರೆ ಇನ್ನೊಂದು ದಿಕ್ಕಿಗೆ ಗುರಿಯನ್ನು ಅರಸುತ್ತ ತಿರುಗುತ್ತಲೇ ಇರುತ್ತದೆ. ಗುರಿ ಎಂದೂ ಸಿಗುವುದಿಲ್ಲ. ದೊರೆತುದು ಅಖಂಡ ಚಲನೆ. ಕಳೆದುಹೋದುದು ನೆಲೆಯ ಅರಿವು. ಇಂತಹ ಸರ್ವೋ ಗಾಲಿಗೆ ಯೋಗ್ಯ, ತೋಳಿಗೆ ಅಲ್ಲ. ಈ ಭೇದವನ್ನು ತಿಳಿಯದೆ ಇದ್ದ ಸರ್ವೋಗಳನ್ನೆಲ್ಲ ಕತ್ತರಿಸಿದರೆ ಮತ್ತೆ ಹಣ ತೆತ್ತು ಕೊಳ್ಳುವುದು ಅನಿವಾರ್ಯವಾಗುತ್ತದೆ. ಕತ್ತರಿಸಿದ ತಡೆಗಟ್ಟು ಮರಳಿ ಬಾರದು.

ಎರಡನೆಯ ಮಾರ್ಪಾಟು ಇದಕ್ಕೆ ವಿರುದ್ಧ ಸ್ವಭಾವದ್ದು. ಇದರಲ್ಲಿ ಏನನ್ನೂ ಕತ್ತರಿಸುವುದಿಲ್ಲ. ಪೊಟೆನ್ಷಿಯೊಮೀಟರಿನ ನಡುತಂತಿಗೆ ಒಂದು ತೆಳು ತಂತಿಯನ್ನು ಬೆಸೆದು ಹೊರತರಲಾಗುತ್ತದೆ. ಮೂರು ತಂತಿಗಳ ಸರ್ವೋ ನಾಲ್ಕು ತಂತಿಗಳದಾಗುತ್ತದೆ. ಮೂಲತಃ ಸರ್ವೋ ತನ್ನ ನೆಲೆಯನ್ನು ತಾನು ಬಲ್ಲದಾದರೂ ಒಡೆಯನಿಗೆ ತಿಳಿಸುವುದಿಲ್ಲ. ದಾರಿಯಲ್ಲಿ ಅಡಚಣೆ ಬಂದು ಅರ್ಧದಲ್ಲಿ ನಿಂತರೂ ಆಜ್ಞೆ ನೀಡಿದ ಗಣಕಕ್ಕೆ ಅದರ ಸುಳಿವು ಇರುವುದಿಲ್ಲ. ನಾಲ್ಕನೆಯ ತಂತಿ ಈ ಮೌನವನ್ನು ಮುರಿಯುತ್ತದೆ. ಅದರ ವೋಲ್ಟೇಜನ್ನು ಆರ್ಡುಯಿನೋ ಊನೋದಂತಹ ಪುಟ್ಟ ನಿಯಂತ್ರಕ ಫಲಕ 0ಯಿಂದ 1023ರವರೆಗಿನ ಅಂಕಿಯಾಗಿ ಓದಬಲ್ಲದು.

ಈ ಒಂದು ತಂತಿಯಿಂದ ಆಗುವ ಪ್ರಯೋಜನ ದೊಡ್ಡದು. ಆಜ್ಞೆ ನೀಡಿ ಅರ್ಧ ಸೆಕೆಂಡು ಕಳೆದರೂ ಅಂಕಿ ಬದಲಾಗದಿದ್ದರೆ ತೋಳು ಎಲ್ಲಿಯೋ ಸಿಕ್ಕಿಕೊಂಡಿದೆಯೆಂದು ತಿಳಿದು, ಮೋಟಾರು ಸುಡುವ ಮೊದಲೇ ವಿದ್ಯುತ್ತನ್ನು ಕಡಿಯಬಹುದು. ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುವಂತೆ ತೋಳಿಗೆ ಪಾಠ ಹೇಳಲೂ ಬಹುದು. ಮೋಟಾರಿಗೆ ಚಲಿಸುವ ಆಜ್ಞೆ ಕೊಡದೆ ತೋಳನ್ನು ಕೈಯಿಂದ ಮೆಲ್ಲನೆ ಸರಿಸಿ, ಒಂದೊಂದು ನೆಲೆಯ ಅಂಕಿಯನ್ನೂ ದಾಖಲಿಸಿಕೊಂಡರೆ, ಅನಂತರ ತೋಳು ಅದೇ ದಾರಿಯಲ್ಲಿ ತಾನೇ ನಡೆಯುತ್ತದೆ. ಕೈಯಿಂದ ತಿರುಗಿಸುವಾಗ ಆತುರ ಕೂಡದು. ಪ್ಲಾಸ್ಟಿಕ್ ಹಲ್ಲುಗಳು ಬಲುಬೇಗ ಮುರಿಯುತ್ತವೆ.

ಇನ್ನು ನಿಖರತೆಯ ಮಾತು. ಮಿಡಿತದಲ್ಲಿ ಬಹು ಸಣ್ಣ ವ್ಯತ್ಯಾಸವಾದರೆ ಸರ್ವೋ ಅದನ್ನು ಲೆಕ್ಕಿಸುವುದಿಲ್ಲ. ಎಸ್‌ಜಿ-90ರ ವಿವರಪತ್ರದಲ್ಲಿ ಈ ಉದಾಸೀನದ ಮಿತಿ 10 ಮೈಕ್ರೋಸೆಕೆಂಡ್ ಎಂದಿದೆ. ಕೋನದಲ್ಲಿ ಹೇಳುವುದಾದರೆ ಇದು ಸುಮಾರು 0.9 ಡಿಗ್ರಿ. ನೋಡಲು ಅಲ್ಪವೆನಿಸಿದರೂ 10 ಸೆಂಟಿಮೀಟರ್ ಉದ್ದದ ತೋಳಿನ ತುದಿಯಲ್ಲಿ ಅದು ಒಂದೂವರೆ ಮಿಲಿಮೀಟರಿಗೂ ಹೆಚ್ಚಿನ ತಪ್ಪಾಗುತ್ತದೆ. ಇದರೊಂದಿಗೆ ಹಲ್ಲುಚಕ್ರಗಳ ನಡುವಿನ ಸಡಿಲವೂ ಸೇರುತ್ತದೆ.

ಈ ದೋಷಗಳನ್ನು ತಗ್ಗಿಸಲು ದುಬಾರಿ ಉಪಕರಣಗಳೇ ಬೇಕೆಂದಿಲ್ಲ. ತೋಳಿನ ಉದ್ದವನ್ನು ಅರ್ಧಕ್ಕಿಳಿಸಿದರೆ ತುದಿಯ ತಪ್ಪೂ ಅರ್ಧಕ್ಕಿಳಿಯುತ್ತದೆ. ಪ್ರತಿಸಲವೂ ಒಂದೇ ದಿಕ್ಕಿನಿಂದ ಗುರಿಯನ್ನು ಸೇರುವಂತೆ ಆಜ್ಞೆಯನ್ನು ಬರೆದರೆ, ಇಲ್ಲವೇ ತೋಳಿಗೆ ಹಗುರವಾದ ಸ್ಪ್ರಿಂಗ್ ಕಟ್ಟಿ ಹಲ್ಲುಗಳು ಸದಾ ಒಂದೇ ಬದಿಗೆ ಒತ್ತಿಕೊಂಡಿರುವಂತೆ ಮಾಡಿದರೆ, ಸಡಿಲದ ಪರಿಣಾಮ ಬಹಳಮಟ್ಟಿಗೆ ಮರೆಯಾಗುತ್ತದೆ. ಹೊರಗೆ 3ಕ್ಕೆ 1ರ ಪ್ರಮಾಣದ ಹಲ್ಲುಚಕ್ರವನ್ನು ಜೋಡಿಸಿದರೆ 0.9 ಡಿಗ್ರಿಯ ಹೆಜ್ಜೆ 0.3 ಡಿಗ್ರಿಗೆ ಇಳಿಯುತ್ತದೆ. ಆದರೆ 180 ಡಿಗ್ರಿಯ ವ್ಯಾಪ್ತಿಯೂ 60 ಡಿಗ್ರಿಗೆ ಕುಗ್ಗುತ್ತದೆ. ದೂರದರ್ಶಕದ ನಾಭಿಯನ್ನು ಹೊಂದಿಸುವಂತಹ ಕೆಲಸಕ್ಕೆ ಈ ವ್ಯಾಪ್ತಿ ಸಾಕಾದೀತು. ಲೋಹದ ಹಲ್ಲುಗಳಿದ್ದರೆ ನಿಖರತೆ ತಾನಾಗಿ ಬರುತ್ತದೆಂಬ ನಂಬಿಕೆ ಸರಿಯಲ್ಲ. ಲೋಹ ಬಾಳಿಕೆಯನ್ನು ಹೆಚ್ಚಿಸುತ್ತದೆ, ಸಡಿಲವನ್ನು ಇಲ್ಲವಾಗಿಸುವುದಿಲ್ಲ.

ಮೂರನೆಯ ಮಾರ್ಪಾಟು ಅನುಭವ ಗಳಿಸಿದವರಿಗೆ. ಇದರಲ್ಲಿ ಒಳಗಿನ ಮಂಡಲವನ್ನೇ ತೆಗೆದು ಮೋಟಾರು, ಹಲ್ಲುಚಕ್ರ ಹಾಗೂ ಪೊಟೆನ್ಷಿಯೊಮೀಟರುಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಹೋಲಿಸಿ ನೋಡುವ ಕೆಲಸವನ್ನು ಹವ್ಯಾಸಿಯೇ ಬರೆದ ಗಣಕ ಕ್ರಮವಿಧಿ ವಹಿಸಿಕೊಳ್ಳುತ್ತದೆ. ಈಗಿನ ತಪ್ಪು ಎಷ್ಟು, ಹಿಂದಿನಿಂದ ಕೂಡುತ್ತ ಬಂದ ತಪ್ಪು ಎಷ್ಟು, ತಪ್ಪು ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬ ಮೂರನ್ನೂ ತೂಗಿ ಮೋಟಾರಿಗೆ ವಿದ್ಯುತ್ ನೀಡುವ ಕ್ರಮವನ್ನು ಇಲ್ಲಿ ಅನುಸರಿಸಬಹುದು. ಈ ಕ್ರಮವನ್ನು ಗಣಿತದ ಮೂಲಕ ವಿವೇಚಿಸಿದವನು ನಿಕೊಲಸ್ ಮಿನೋರ್ಸ್ಕಿ, 1922ರಲ್ಲಿ. ಅವನ ವಿಷಯವೂ ಹಡಗಿನ ಚುಕ್ಕಾಣಿಯೇ ಆಗಿತ್ತು. ಸವೆಯುವ ಪೊಟೆನ್ಷಿಯೊಮೀಟರಿಗೆ ಬದಲಾಗಿ ದಂಡದ ತುದಿಗೆ ಪುಟ್ಟ ಅಯಸ್ಕಾಂತವನ್ನು ಅಂಟಿಸಿ, ಸುತ್ತೊಂದನ್ನು 4096 ಪಾಲಾಗಿ ಗುರುತಿಸುವ ಕಾಂತೀಯ ಸಂವೇದಕವನ್ನು ಬಳಸುವವರೂ ಇದ್ದಾರೆ.

ಯಾವ ಮಾರ್ಪಾಟಿಗೂ ಮುನ್ನ ಕೆಲವು ಎಚ್ಚರಿಕೆಗಳು ಅಗತ್ಯ. ಎಸ್‌ಜಿ-90ರ ತಿರುಗಿಸುವ ಬಲ 4.8 ವೋಲ್ಟಿನಲ್ಲಿ ಹೆಚ್ಚೆಂದರೆ 1.8 ಕಿಲೋಗ್ರಾಂ-ಸೆಂಟಿಮೀಟರ್ ಎಂದು ನಮೂದಾಗಿರುತ್ತದೆ. ಅಂದರೆ ದಂಡದಿಂದ 10 ಸೆಂಟಿಮೀಟರ್ ದೂರದಲ್ಲಿ 180 ಗ್ರಾಂ ಭಾರವನ್ನು ತಡೆಯುವಷ್ಟರಲ್ಲಿ ಅದರ ಶಕ್ತಿ ಮುಗಿಯುತ್ತದೆ. ತೋಳಿನ ಸ್ವಂತ ತೂಕವೂ ಇದರಲ್ಲಿ ಸೇರಿದೆ. ಅದರ ಅರ್ಧಕ್ಕಿಂತ ಹೆಚ್ಚು ಹೊರೆ ಹೊರಿಸದಿರುವುದು ವಿವೇಕ. ತಡೆದು ನಿಂತ ಸರ್ವೋ ಅರ್ಧ ಆಂಪಿಯರಿಗೂ ಮೀರಿದ ವಿದ್ಯುತ್ತನ್ನು ಎಳೆಯುವುದರಿಂದ ಅದಕ್ಕೆ ನಿಯಂತ್ರಕ ಫಲಕದಿಂದಲೇ ವಿದ್ಯುತ್ ಕೊಡಬಾರದು. ಪ್ರತ್ಯೇಕ ಪೂರೈಕೆಯಿರಬೇಕು, ಎರಡರ ಋಣ ತಂತಿಗಳನ್ನು ಮಾತ್ರ ಒಂದುಗೂಡಿಸಬೇಕು. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ಕಣ್ಣಿಗೆ ಕನ್ನಡಕವಿರಲಿ, ಮಕ್ಕಳ ಬಳಿ ಹಿರಿಯರೊಬ್ಬರಿರಲಿ. ಹವ್ಯಾಸದ ಸರ್ವೋವನ್ನು, ಅದೆಷ್ಟೇ ಸುಧಾರಿಸಿದ್ದರೂ, ಔಷಧದ ಪ್ರಮಾಣ ನಿಯಂತ್ರಿಸುವಂತಹ ಪ್ರಾಣಕ್ಕೆ ಸಂಬಂಧಿಸಿದ ಕಾರ್ಯಕ್ಕೆ ಎಂದಿಗೂ ನಿಯೋಜಿಸಬಾರದು.

ಈ ಸಾಮಗ್ರಿಗಳು ದೊರೆಯದ ಮಹಾನಗರವಿಲ್ಲ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಬೀದಿ, ದೆಹಲಿಯ ಕೆಂಪುಕೋಟೆಯ ಎದುರಿನ ಲಜಪತರಾಯ್ ಮಾರುಕಟ್ಟೆ, ಬೆಂಗಳೂರಿನ ಎಸ್.ಪಿ. ರಸ್ತೆ ಇವು ವಿದ್ಯುನ್ಮಾನ ಬಿಡಿಭಾಗಗಳಿಗೆ ಹೆಸರಾದ ಸ್ಥಳಗಳು. ಒಂದೇ ಹೆಸರಿನ ಸರ್ವೋವನ್ನು ಬೇರೆ ಬೇರೆ ತಯಾರಕರು ಮಾಡುವುದರಿಂದ ಗುಣದಲ್ಲಿ ಅಂತರವಿರುತ್ತದೆ. ಆದ್ದರಿಂದ ಕೊಂಡು ತಂದೊಡನೆ ಕಾಗದದ ಕೋನಮಾಪಕದ ಮೇಲೆ ಅದನ್ನು ನಿಲ್ಲಿಸಿ, ಯಾವ ಮಿಡಿತಕ್ಕೆ ಎಷ್ಟು ಡಿಗ್ರಿ ಎಂಬ ಪಟ್ಟಿಯನ್ನು ಬರೆದಿಡಬೇಕು. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಿಂತ ತಾನೇ ಅಳೆದ ಅಂಕಿ ಹೆಚ್ಚು ನಂಬತಕ್ಕದ್ದು.

ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗಾಗಿ ನೀತಿ ಆಯೋಗದ ಅಟಲ್ ನಾವೀನ್ಯ ಅಭಿಯಾನದಡಿ ದೇಶದ ಹತ್ತು ಸಾವಿರ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಸ್ಥಾಪನೆಯಾಗಿವೆ. 2025ರ ಕೇಂದ್ರ ಮುಂಗಡಪತ್ರದಲ್ಲಿ ಐದು ವರ್ಷಗಳಲ್ಲಿ ಇನ್ನೂ 50,000 ಪ್ರಯೋಗಾಲಯಗಳನ್ನು ಸರ್ಕಾರಿ ಶಾಲೆಗಳಲ್ಲಿ ತೆರೆಯುವ ಯೋಜನೆ ಪ್ರಕಟವಾಯಿತು. ಅಲ್ಲಿನ ಮೇಜಿನ ಮೇಲೆ ಸರ್ವೋ ಒಂದನ್ನು ಬಿಚ್ಚಿ ನೋಡುವ ಬಾಲಕ ಬಾಲಕಿಯರು ಕಲಿಯುವುದು ಕೇವಲ ಆಟಿಕೆಯ ರಿಪೇರಿಯನ್ನಲ್ಲ. ಗುರಿ ಯಾವುದು, ಈಗಿನ ನೆಲೆ ಯಾವುದು, ನಡುವಣ ಅಂತರ ಎಷ್ಟು ಎಂದು ಅಳೆದು ಹೆಜ್ಜೆಯಿಡುವ ವಿಧಾನವನ್ನು ಕಲಿಯುತ್ತಾರೆ. ಕಾರ್ಖಾನೆಯ ಯಂತ್ರತೋಳಿಗೂ ಉಪಗ್ರಹದತ್ತ ತಿರುಗುವ ಆಂಟೆನಾಕ್ಕೂ ಆಧಾರವಾಗಿರುವುದು ಇದೇ ವಿಧಾನ. ಬಿಚ್ಚುವ ಮುನ್ನ ಅಂಗಾಂಗಗಳ ಕೆಲಸವನ್ನು ಅರಿತು, ಬಿಚ್ಚಿದ ಮೇಲೆ ಅಳೆದು, ಅಳೆದ ಮೇಲೆ ಕತ್ತರಿ ಹಾಕುವವರ ಕೈಯಲ್ಲಿ 9 ಗ್ರಾಂ ತೂಕದ ಅಗ್ಗದ ಮೋಟಾರು ಕೂಡ ನಂಬಿಕೆಗೆ ಅರ್ಹವಾದ ಉಪಕರಣವಾಗುತ್ತದೆ.