ಡೈರೆಕ್ಟರಿಯಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಕೂಡಿ ನಡೆಸುವ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಹೇಳಬೇಕೆಂದಿರುವುದು ಒಂದು ಬಗೆಯ ಪುಸ್ತಕದ ವಿಷಯ. ಅದು ಪುರಾಣವಲ್ಲ, ಕಾದಂಬರಿಯಲ್ಲ, ಮಾರ್ಕ್ಸನ ಗ್ರಂಥವೂ ಅಲ್ಲ. ಬರಿಯ ಹೆಸರುಗಳ ಪಟ್ಟಿ. ಯಾವ ಊರಿನಲ್ಲಿ ಯಾರು ಏನು ಮಾರುತ್ತಾರೆ, ಯಾವ ಬೀದಿಯಲ್ಲಿ ಅಂಗಡಿ ಇಟ್ಟಿದ್ದಾರೆ ಎಂದು ಅಚ್ಚು ಹಾಕಿಸಿ ಮಾರುತ್ತಿದ್ದ ಪುಸ್ತಕ. ಇದಕ್ಕೆ ಡೈರೆಕ್ಟರಿ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಇಂಥವು ರಾಶಿರಾಶಿಯಾಗಿ ಹೊರಬಂದವು. ಲೆಸ್ಟರ್ ವಿಶ್ವವಿದ್ಯಾಲಯದವರು ಅವುಗಳಲ್ಲಿ ಎಷ್ಟನ್ನೋ ಕಂಪ್ಯೂಟರಿಗೆ ಏರಿಸಿದ್ದಾರೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲ ಯಾರು ಬೇಕಾದರೂ ನೋಡಬಹುದು.

ಅಂಗಡಿ ಪಟ್ಟಿಯಲ್ಲಿ ಕಲಿಯುವುದೇನಿದೆ ಮೇಷ್ಟ್ರೆ ಎಂದು ನೀವು ಕೇಳಬಹುದು. ಚರಿತ್ರೆಯ ಪುಸ್ತಕದಲ್ಲಿ ರಾಜ, ಮಂತ್ರಿ, ಯುದ್ಧ ಇರುತ್ತವೆ. ಮೇಣದ ಬತ್ತಿ ಮಾಡುವವನು, ಪೀಪಾಯಿ ಕಟ್ಟುವವನು, ಕುದುರೆಗೆ ಲಾಳ ಹೊಡೆಯುವವನು ಅಲ್ಲಿ ಸಿಗುವುದಿಲ್ಲ. ಈ ಪಟ್ಟಿಯಲ್ಲಿ ಸಿಗುತ್ತಾರೆ, ಅದೂ ಹೆಸರು ಸಮೇತ.

ಲಂಡನ್ನಿನ ವರ್ತಕರ ಹೆಸರುಗಳನ್ನು ಸ್ಯಾಮ್ಯುಯೆಲ್ ಲೀ ಎಂಬವನು 1677ರಲ್ಲಿಯೇ ಅಚ್ಚು ಹಾಕಿದ್ದನು. ಅದು ದೊಡ್ಡ ವರ್ತಕರ ಪಟ್ಟಿ. ಮ್ಯಾಂಚೆಸ್ಟರ್ ನಗರದ ಮೊದಲ ಡೈರೆಕ್ಟರಿ ಬಂದದ್ದು 1772ರಲ್ಲಿ. ಅದನ್ನು ಮಾಡಿದವಳು ಒಬ್ಬ ಹೆಂಗಸು, ಎಲಿಜಬೆತ್ ರಾಫಾಲ್ಡ್. ಒಬ್ಬ ಶ್ರೀಮಂತರ ಮನೆಯಲ್ಲಿ ಅಡಿಗೆ, ಉಗ್ರಾಣ ಎಲ್ಲವನ್ನೂ ನೋಡಿಕೊಂಡಿದ್ದವಳು. ಮದುವೆಯಾಗಿ ಮ್ಯಾಂಚೆಸ್ಟರಿಗೆ ಬಂದು ಮಿಠಾಯಿ ಅಂಗಡಿ ಇಟ್ಟಳು, ಮನೆಗೆಲಸದವರಿಗೆ ಕೆಲಸ ಕೊಡಿಸುವ ಕಚೇರಿ ತೆರೆದಳು, 1769ರಲ್ಲಿ ಅಡಿಗೆಯ ಪುಸ್ತಕವೊಂದನ್ನೂ ಬರೆದಳು. ಯಾರ ಮನೆ ಎಲ್ಲಿದೆ, ಯಾರಿಗೆ ಏನು ಬೇಕು ಎಂಬುದು ಇಂಥವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿದ್ದೀತು? ಊರಿನ ಪಟ್ಟಿ ಮಾಡಲು ಊರಿನಲ್ಲಿ ದುಡಿದವರೇ ಬೇಕು.

ಆಮೇಲೆ ಇದು ದೊಡ್ಡ ವ್ಯಾಪಾರವಾಯಿತು. ಮ್ಯಾಂಚೆಸ್ಟರಿನ ಜೇಮ್ಸ್ ಪೀಗಟ್, ಅವನ ನಂತರ ಐಸಾಕ್ ಸ್ಲೇಟರ್, ಶೆಫೀಲ್ಡಿನ ವಿಲಿಯಂ ವೈಟ್, ಲಂಡನ್ನಿನ ಕೆಲ್ಲಿ ಇವರೆಲ್ಲ ಜಿಲ್ಲೆ ಜಿಲ್ಲೆಗೂ ಪುಸ್ತಕ ಹೊರಡಿಸಿದರು.

ಪೀಗಟನ ಪುಸ್ತಕದಲ್ಲಿ ಒಂದು ಸಣ್ಣ ಊರು ಹೇಗಿರುತ್ತದೆ ಎಂದು ಹೇಳುತ್ತೇನೆ. ಮೊದಲಿಗೆ ಊರಿನ ವರ್ಣನೆ: ಯಾವ ನದಿ, ಯಾವ ಚರ್ಚು, ಏನು ಉತ್ಪಾದನೆ, ಯಾವ ವಾರ ಸಂತೆ, ಯಾವಾಗ ಜಾತ್ರೆ. ಅನಂತರ ಅಂಚೆಯ ವಿವರ, ಟಪಾಲು ಬರುವ ಹೊತ್ತು, ಹೋಗುವ ಹೊತ್ತು. ಆಮೇಲೆ ಊರಿನ ದೊಡ್ಡ ಮನುಷ್ಯರು ಮತ್ತು ಪಾದ್ರಿಗಳು. ಇವರಿಗೆ ಬೇರೆ ಪಂಕ್ತಿ. ಅವರು ಎದ್ದ ಮೇಲೆ ಕಸಬುಗಳ ಸಾಲು. ಇಂಗ್ಲಿಷಿನ ಅಕ್ಷರಕ್ರಮದಲ್ಲಿ ಶಾಲೆಗಳಿಗೆ ‘ಅಕಾಡೆಮಿ’ ಎಂಬ ಹೆಸರಿದ್ದುದರಿಂದ ಮೇಷ್ಟ್ರುಗಳು ಎಲ್ಲರಿಗಿಂತ ಮೊದಲು ಬರುತ್ತಾರೆ. ಮಾಸ್ತರಿಕೆ ಮಾಡಿದ ನನಗೆ ಇದು ಸಂತೋಷದ ಸಂಗತಿ. ಸಂಬಳದಲ್ಲಿ ನಾವು ಎಂದೂ ಮೊದಲು ಬಂದವರಲ್ಲ! ಅವರ ಹಿಂದೆ ವಕೀಲರು, ರೊಟ್ಟಿ ಸುಡುವವರು, ಕಮ್ಮಾರರು, ಜೋಡು ಹೊಲಿಯುವವರು, ಕಟುಕರು, ದಿನಸಿ ಅಂಗಡಿಯವರು, ದರ್ಜಿಗಳು, ಹುಲ್ಲಿನ ಟೋಪಿ ಹೆಣೆಯುವವರು.

ಒಬ್ಬನದೇ ಹೆಸರು ಎರಡು ಮೂರು ಕಡೆ ಬರುವುದುಂಟು. ದಿನಸಿಯವನೇ ಮೇಣದ ಬತ್ತಿಯನ್ನೂ ಮಾಡುತ್ತಾನೆ, ಬೆಂಕಿ ವಿಮೆಯ ಏಜೆಂಟನೂ ಅವನೇ. ಒಂದು ಕಸಬಿನಲ್ಲಿ ಹೊಟ್ಟೆ ತುಂಬದ ಕಾಲ ನಮ್ಮದೊಂದೇ ಅಲ್ಲವೆಂದು ಇದರಿಂದ ತಿಳಿಯುತ್ತದೆ. 1830ರಲ್ಲಿ ಅಲ್ಲಿ ಒಂದು ಕಾಯಿದೆ ಬಂತು. ಎರಡು ಗಿನಿ ಕೊಟ್ಟು ಲೈಸೆನ್ಸು ಪಡೆದರೆ ಸಾಮಾನ್ಯ ಮನೆಯವನೂ ಬೀರು ಮಾರಬಹುದು ಎಂದು. ಆ ವರ್ಷದ ಹಿಂದಿನ ಡೈರೆಕ್ಟರಿಯನ್ನೂ ಮುಂದಿನದನ್ನೂ ಪಕ್ಕಪಕ್ಕಕ್ಕೆ ಇಟ್ಟರೆ, ಬೀರು ಮಾರುವವರು ಎಂಬ ಹೊಸ ತಲೆಬರಹ ಎದ್ದು ನಿಂತಿರುತ್ತದೆ. ಪಾರ್ಲಿಮೆಂಟಿನಲ್ಲಿ ಹಾಕಿದ ಒಂದು ಸಹಿ ಮೂಲೆಯ ಊರಿನ ಹಿತ್ತಲ ಬಾಗಿಲಿಗೆ ಹೇಗೆ ಬಂದು ಮುಟ್ಟುತ್ತದೆ ನೋಡಿ.

ಹೆಂಗಸರ ಹೆಸರೂ ಬಹಳ. ಟೋಪಿ, ಉಡುಪು ಹೊಲಿಯುವವರು ಸರಿಯೇ. ಆದರೆ ಹೋಟಲು ನಡೆಸುವವರ ಸಾಲಿನಲ್ಲಿ, ಒಮ್ಮೊಮ್ಮೆ ಕಮ್ಮಾರರ ಸಾಲಿನಲ್ಲಿ ಕೂಡ ವಿಧವೆಯ ಹೆಸರು ಕಾಣುತ್ತದೆ. ಗಂಡ ಸತ್ತ ಮೇಲೆ ಕುಲುಮೆ ಆರದಂತೆ ನೋಡಿಕೊಂಡವಳು. ಗಂಡ ಬದುಕಿದ್ದಾಗಲೂ ಅವಳು ಅಲ್ಲಿ ದುಡಿಯುತ್ತಿದ್ದಳಲ್ಲ? ಆಗ ಅವಳ ಹೆಸರು ಇರಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪ್ರತಿ ಊರಿನ ಕೊನೆಗೆ ಇರುವ ಬಾಡಿಗೆ ಬಂಡಿಯವರ ಪಟ್ಟಿ. ಯಾವ ಹಳ್ಳಿಯವನು ಯಾವ ವಾರ ಬರುತ್ತಾನೆ, ಯಾವ ಹೋಟಲಿನ ಅಂಗಳದಲ್ಲಿ ಬಂಡಿ ಬಿಡುತ್ತಾನೆ, ಎಷ್ಟು ಗಂಟೆಗೆ ಹಿಂತಿರುಗುತ್ತಾನೆ ಎಲ್ಲ ಬರೆದಿರುತ್ತದೆ. ಹಳ್ಳಿಯಿಂದ ಬೆಣ್ಣೆ, ಮೊಟ್ಟೆ ತರುತ್ತಾನೆ. ಪೇಟೆಯಿಂದ ಚಹಾ, ಬಟ್ಟೆ, ಔಷಧ ಒಯ್ಯುತ್ತಾನೆ. ಈ ಪಟ್ಟಿ ಹಿಡಿದು ನಕ್ಷೆಯ ಮೇಲೆ ಗೆರೆ ಎಳೆದರೆ ಯಾವ ಪೇಟೆಗೆ ಯಾವ ಹಳ್ಳಿಗಳು ಸೇರಿದ್ದವೆಂದು ಕಾಣುತ್ತದೆ. ರೈಲು ಬಂದಾಗ ಸಾರೋಟು ನಡೆಸುವವರು ಪುಟದಿಂದ ಬೇಗನೆ ಮಾಯವಾದರು. ಆದರೆ ಹಳ್ಳಿ ಬಂಡಿಯವನು ಹೋಗಲಿಲ್ಲ. ರೈಲು ಹಳ್ಳಿಗೆ ಹೋಗದಲ್ಲ! ಸ್ಟೇಷನ್ನಿನಿಂದ ಹಳ್ಳಿಗೆ ಸಾಮಾನು ಸಾಗಿಸಲು ಅವನೇ ಬೇಕಾಯಿತು. ಮೋಟಾರು ಲಾರಿ ಬರುವ ತನಕ ಅವನು ಬಾಳಿದ.

ಇಷ್ಟು ಹೊಗಳಿದೆ. ಈಗ ಇನ್ನೊಂದು ಮಗ್ಗುಲು ನೋಡೋಣ.

ಲ್ಯಾಂಕಷೈರಿನ ಗಿರಣಿ ಊರಿನ ಪುಟ ತೆಗೆಯಿರಿ. ಹತ್ತಿ ನೂಲುವವರು ಎಂಬ ತಲೆಬರಹದ ಕೆಳಗೆ ಕೆಲವೇ ಹೆಸರುಗಳಿರುತ್ತವೆ. ನೂಲು ತೆಗೆದವರು ಇಷ್ಟೇ ಜನವೋ ಎಂದು ಬೆರಗಾಗಬೇಡಿ. ಇವರು ಮಾಲೀಕರು. ಡೈರೆಕ್ಟರಿಯ ಭಾಷೆಯಲ್ಲಿ ಗಿರಣಿ ಉಳ್ಳವನೇ ನೂಲುವವನು. ಹಗಲು ರಾತ್ರಿ ಯಂತ್ರದ ಮುಂದೆ ನಿಂತು ನೂಲುವವನಿಗೆ ಹೆಸರೇ ಇಲ್ಲ. 1820ರ ಸುಮಾರಿಗೆ ಬ್ರಿಟನ್ನಿನಲ್ಲಿ ಹತ್ತಿ ಬಟ್ಟೆ ನೇಯುವ ಕೈಮಗ್ಗದವರು 2 ಲಕ್ಷಕ್ಕೂ ಮೇಲ್ಪಟ್ಟು ಇದ್ದರು. ಅವರಿಗೆ ನೂಲು ಕೊಟ್ಟು ಬಟ್ಟೆ ತೆಗೆದುಕೊಳ್ಳುವ ಸಾಹುಕಾರ ಪಟ್ಟಿಯಲ್ಲಿದ್ದಾನೆ, ನೇಕಾರನಿಲ್ಲ. ಯಾಕೆಂದರೆ ಪುಸ್ತಕ ಮಾರುವವನಿಗೆ ಬೇಕಾದುದು ಸರಕು ಕೊಳ್ಳುವವರು ಮತ್ತು ಮಾರುವವರು. ತನ್ನ ರಟ್ಟೆಯೊಂದನ್ನೇ ಮಾರುವವನ ವಿಳಾಸ ಯಾರಿಗೂ ಬೇಕಾಗಿರಲಿಲ್ಲ.

ಎಂಗೆಲ್ಸನು 1842ರ ಕೊನೆಯಲ್ಲಿ ಮ್ಯಾಂಚೆಸ್ಟರಿಗೆ ಬಂದವನು. ಅವನ ತಂದೆ ಪಾಲುದಾರನಾಗಿದ್ದ ನೂಲಿನ ಕಂಪನಿಯ ಕೆಲಸಕ್ಕೆ. 1845ರಲ್ಲಿ ಕಾರ್ಮಿಕರ ಸ್ಥಿತಿಯ ಬಗ್ಗೆ ಬರೆದ ಗ್ರಂಥದಲ್ಲಿ ಅವನು ಒಂದು ಸೂಕ್ಷ್ಮ ಗಮನಿಸಿದ್ದಾನೆ. ಶ್ರೀಮಂತರು ಮನೆಯಿಂದ ಪೇಟೆಗೆ ಹೋಗುವ ದೊಡ್ಡ ಬೀದಿಗಳ ಎರಡೂ ಕಡೆ ಅಂಗಡಿಗಳ ಸಾಲು. ಆ ಸಾಲಿನ ಹಿಂದೆ ಕೂಲಿಕಾರರ ಕೊಳಕು ಗಲ್ಲಿಗಳು. ಅಂಗಡಿಗಳು ಅಡ್ಡ ಇರುವುದರಿಂದ ಗಲ್ಲಿಗಳು ಕಾಣುವುದಿಲ್ಲ. ಡೈರೆಕ್ಟರಿ ಎಂದರೆ ಅದೇ ಬೀದಿಯನ್ನು ಕಾಗದದ ಮೇಲೆ ಹಾಸಿದಂತೆ. ಗಲ್ಲಿಯವರನ್ನು ಹುಡುಕಬೇಕಾದರೆ ಜನಗಣತಿಯ ಕಾಗದಗಳಿಗೆ ಹೋಗಬೇಕು. 1841ರಿಂದ ಅಲ್ಲಿ ಮನೆಮನೆಯ ಜನರ ಹೆಸರು ಉಳಿದಿವೆ. 1851ರಿಂದ ಹುಟ್ಟಿದ ಊರು, ಮನೆಯ ಯಜಮಾನನಿಗೆ ಏನಾಗಬೇಕು ಎಂಬುದೂ ಇದೆ. ಎರಡನ್ನೂ ಜೋಡಿಸಿ ಓದಿದರೆ ಆಗ ಊರು ಪೂರ್ತಿ ಕಾಣುತ್ತದೆ.

ಅಂಗಡಿಯ ಮಿತ್ರರು ಹೆಮ್ಮೆಪಡಲು ಅವಸರಪಡಬಾರದು. ಐದಾರು ವರ್ಷದ ಮೇಲೆ ಬಂದ ಮುಂದಿನ ಡೈರೆಕ್ಟರಿಯಲ್ಲಿ ಎಷ್ಟು ಹೆಸರು ಉಳಿದಿವೆ ಎಂದು ಎಣಿಸಿ ನೋಡಿ. ಬ್ಯಾಂಕಿನವನು, ವಕೀಲ ಉಳಿದಿರುತ್ತಾರೆ. ಸಣ್ಣ ದಿನಸಿಯವರು, ಬೀರಿನವರು ಬಹಳ ಮಂದಿ ಇರುವುದಿಲ್ಲ. ದೊಡ್ಡವನು ದಿವಾಳಿ ಎದ್ದರೆ ಲಂಡನ್ ಗೆಜೆಟ್ಟಿನಲ್ಲಿ ಅವನ ಹೆಸರು ಬರುತ್ತಿತ್ತು. ಸಣ್ಣ ಸಾಲಗಾರ ಜೈಲಿಗೆ ಹೋಗುತ್ತಿದ್ದ. 1869ರ ಕಾಯಿದೆ ಬಂದ ಮೇಲೆ ಆ ಶಿಕ್ಷೆ ಬಹುಮಟ್ಟಿಗೆ ನಿಂತಿತು. ಶತಮಾನದ ಕೊನೆಯ ಪುಸ್ತಕಗಳಲ್ಲಿ ಮತ್ತೊಂದು ಸಂಗತಿ ಇದೆ. ಊರೂರಿನ ದಿನಸಿ ಪಟ್ಟಿಯಲ್ಲಿಯೂ ಒಂದೇ ಹೆಸರು ಮರಳಿ ಮರಳಿ ಬರತೊಡಗುತ್ತದೆ. ಥಾಮಸ್ ಲಿಪ್ಟನ್ 1871ರಲ್ಲಿ ಗ್ಲಾಸ್ಗೋದಲ್ಲಿ ಒಂದೇ ಒಂದು ಅಂಗಡಿ ತೆರೆದವನು. ಮುಂದೆ ನೂರಾರು ಅಂಗಡಿ ಇಟ್ಟನು, 1890ರಿಂದ ಸಿಲೋನಿನಲ್ಲಿ ಚಹಾ ತೋಟಗಳನ್ನೇ ಕೊಂಡನು. ತೋಟವೂ ಅವನದೇ, ತಕ್ಕಡಿಯೂ ಅವನದೇ ಆದಾಗ ಪಕ್ಕದ ಅಂಗಡಿಯವನು ಎಲ್ಲಿ ನಿಲ್ಲಬೇಕು? ಸಣ್ಣ ವ್ಯಾಪಾರಿಯ ಹೆಸರನ್ನು ಅಳಿಸಿದವನು ಉದ್ರಿ ಕೇಳಿದ ಕೂಲಿಕಾರನಲ್ಲ ಎಂಬುದಕ್ಕೆ ಆ ಪುಟಗಳೇ ಸಾಕ್ಷಿ.

ಗಿರಣಿ ಊರುಗಳಲ್ಲಿ ಇನ್ನೊಂದು ಕೀಟಲೆ ಇತ್ತು. ಮಾಲೀಕನೇ ಅಂಗಡಿ ಇಟ್ಟು, ಕೂಲಿಗೆ ಬದಲಾಗಿ ಚೀಟಿ ಕೊಟ್ಟು, ತನ್ನ ಅಂಗಡಿಯಲ್ಲಿಯೇ ಕೊಳ್ಳಬೇಕೆಂದು ಕಟ್ಟು ಮಾಡುವುದು. 1831ರ ಕಾಯಿದೆ ಕೂಲಿಯನ್ನು ನಾಣ್ಯದಲ್ಲಿಯೇ ಕೊಡಬೇಕೆಂದಿತು. ಇದರಿಂದ ಪೆಟ್ಟು ತಿಂದವನು ಕಾರ್ಮಿಕ ಮಾತ್ರವಲ್ಲ, ಆ ಬೀದಿಯ ಸ್ವತಂತ್ರ ವ್ಯಾಪಾರಿಯೂ ಹೌದು.

ರೋಚ್‌ಡೇಲ್ ಎಂಬ ಊರಿನ ಹೆಸರು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಉಣ್ಣೆಯ ಫ್ಲಾನೆಲ್ ಮತ್ತು ಹತ್ತಿಯ ಊರು. ಕಾಲುವೆ 1804ರಲ್ಲಿ ಪೂರ್ತಿಯಾಯಿತು, ರೈಲು 1839ರಲ್ಲಿ ಬಂತು. ಅಲ್ಲಿ ಕೂಲಿ ಹೆಚ್ಚಿಸಬೇಕೆಂದು ನೇಕಾರರು ಹೂಡಿದ ಹೋರಾಟ ಸೋತಿತ್ತು. ಆಗ ನೇಕಾರರು, ಜೋಡು ಹೊಲಿಯುವವರು, ಬಡಗಿಗಳು ಹೀಗೆ ಕೆಲವರು ಕೂಡಿಕೊಂಡು ವಾರಕ್ಕೆ ಎರಡು ಪೆನ್ನಿ, ಆಮೇಲೆ ಮೂರು ಪೆನ್ನಿಯಂತೆ ಹಾಕುತ್ತಾ ಬಂದರು. 28 ಪೌಂಡು ಕೂಡಿತು. ಟೋಡ್ ಲೇನ್ ಬೀದಿಯಲ್ಲಿ ಒಂದು ಉಗ್ರಾಣದ ಕೆಳಅಂತಸ್ತನ್ನು ವರ್ಷಕ್ಕೆ 10 ಪೌಂಡು ಬಾಡಿಗೆಗೆ ಹಿಡಿದರು. 1844ರ ಡಿಸೆಂಬರ್ 21ರ ಸಂಜೆ ಬಾಗಿಲು ತೆರೆದಾಗ ಒಳಗಿದ್ದುದು ಸ್ವಲ್ಪ ಬೆಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಓಟ್ಸ್ ಹಿಟ್ಟು, ಮೇಣದ ಬತ್ತಿ. ಬೀದಿಯ ಹುಡುಗರು ಗೇಲಿ ಮಾಡಿದರು. ತೂಕ ಸರಿಯಾಗಿರಬೇಕು, ಮಾಲು ಕಲಬೆರಕೆಯಾಗಿರಬಾರದು, ಉದ್ರಿ ಇಲ್ಲ, ಲಾಭವನ್ನು ಕೊಂಡಷ್ಟಕ್ಕೆ ತಕ್ಕಂತೆ ಸದಸ್ಯರಿಗೇ ಹಂಚಬೇಕು ಎಂಬುದು ಅವರ ಕಟ್ಟಳೆ. ಒಬ್ಬೊಬ್ಬನಾಗಿ ಇವರಾರೂ ಸಾಹುಕಾರರ ಸಾಲಿಗೆ ಸೇರುವವರಲ್ಲ. ಕೂಡಿ ಒಂದು ಅಂಗಡಿ ಹಾಕಿದ ಮೇಲೆ ದಿನಸಿಯವರ ಸಾಲಿನಲ್ಲಿ ನಿಲ್ಲುವ ಹಕ್ಕು ಅವರಿಗೂ ಬಂತು. ಆ ಕಟ್ಟಡ 1931ರಿಂದ ವಸ್ತು ಸಂಗ್ರಹಾಲಯವಾಗಿದೆ.

ಈ ಪುಸ್ತಕಗಳನ್ನು ಮಾಡಿದ್ದು ಯಾರ ಬೆವರಿನಿಂದ ಎಂಬುದನ್ನೂ ಹೇಳಬೇಕು. ಫ್ರೆಡರಿಕ್ ಕೆಲ್ಲಿ ಲಂಡನ್ ಅಂಚೆ ಇಲಾಖೆಯಲ್ಲಿ ಕಾಗದ ಹಂಚುವವರ ಮೇಲಧಿಕಾರಿ. 1836ರ ಹೊತ್ತಿಗೆ ಅಂಚೆಯ ಡೈರೆಕ್ಟರಿಯನ್ನು ತನ್ನ ಸ್ವಂತ ವ್ಯಾಪಾರ ಮಾಡಿಕೊಂಡು, ಹೆಸರು ಕೂಡಿಸಲು ತನ್ನ ಕೈಕೆಳಗಿನ ಅಂಚೆಯವರನ್ನೇ ಓಡಾಡಿಸಿದನು. ಸರ್ಕಾರದ ಸಂಬಳದ ಆಳು, ಲಾಭ ಮಾತ್ರ ಸಾಹೇಬರಿಗೆ! ಪ್ರತಿಸ್ಪರ್ಧಿಗಳು ಗಲಾಟೆ ಮಾಡಿದ್ದರಿಂದ 1840ರ ದಶಕದಲ್ಲಿ ಅದು ನಿಂತಿತು. ಮುಂದೆ 1866ರಲ್ಲಿ ಕೆಲ್ಲಿಯ ಕಂಪನಿ ಮಾರಿಸ್ ಎಂಬವನ ಮೇಲೆ ದಾವೆ ಹಾಕಿ, ನಮ್ಮ ಪುಸ್ತಕ ನೋಡಿ ನಕಲು ಮಾಡಿದ್ದಾನೆ ಎಂದಿತು. ನ್ಯಾಯಾಧೀಶರು ಕೆಲ್ಲಿಯ ಪರ ತೀರ್ಪು ಕೊಟ್ಟರು. ರಸ್ತೆಯ ಪುಸ್ತಕ ಬರೆಯುವವನು ಮೈಲಿಗಲ್ಲುಗಳನ್ನು ತಾನೇ ಎಣಿಸಬೇಕು, ಹಾಗೆಯೇ ಡೈರೆಕ್ಟರಿ ಮಾಡುವವನು ಮನೆ ಮನೆಗೆ ತಾನೇ ಹೋಗಬೇಕು ಎಂಬುದು ಅದರ ತಾತ್ಪರ್ಯ. ಒಳ್ಳೆಯ ತೀರ್ಪು. ಆದರೆ ಮನೆ ಮನೆ ತಿರುಗಿ ಕಾಲು ಸವೆಸಿದವನ ಹೆಸರು ರಟ್ಟಿನ ಮೇಲೂ ಇಲ್ಲ, ಒಳಗೂ ಇಲ್ಲ.

ನಮ್ಮ ದೇಶಕ್ಕೂ ಈ ಪದ್ಧತಿ ಬಂತು. ಕಲ್ಕತ್ತೆಯ ಥ್ಯಾಕರ್ ಕಂಪನಿಯವರು 1885ರಿಂದ ಇಡೀ ಇಂಡಿಯಾದ ಡೈರೆಕ್ಟರಿ ಹೊರಡಿಸಿದರು. ಅದರಲ್ಲಿ ಹೆಚ್ಚಾಗಿ ತುಂಬಿದ್ದುದು ಬಿಳಿಯ ಅಧಿಕಾರಿಗಳು, ಅವರ ಕಂಪನಿಗಳು, ತೋಟಗಳು.

ಇಂಥ ಪಟ್ಟಿಯನ್ನು ನಮ್ಮ ಪೇಟೆಗೆ ನಾವೇ ಮಾಡಬಾರದೇಕೆ? ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸ್ಟೇಷನ್ ರಸ್ತೆಯ ತುದಿಯಿಂದ ಆರಂಭಿಸೋಣ. ಇಬ್ಬಿಬ್ಬರು ಒಂದೊಂದು ಬೀದಿ ಹಿಡಿಯಲಿ. ಒಬ್ಬರು ಗಿರಣಿಯವರು, ಒಬ್ಬರು ಅಂಗಡಿಯವರು. ಅಂಗಡಿಯ ಯಜಮಾನರ ಹೆಸರು ಬರೆದ ಮೇಲೆ ಒಳಗೆ ಕೂಲಿಗೆ ಇರುವ ಹುಡುಗನ ಹೆಸರು, ಮೂಟೆ ಹೊರುವ ಹಮಾಲರ ಹೆಸರು, ಬಾಗಿಲ ಮುಂದೆ ಕೂತು ಹೂವು, ಸೊಪ್ಪು ಮಾರುವ ತಾಯಂದಿರ ಹೆಸರು, ಅವರು ಯಾವ ಹಳ್ಳಿಯಿಂದ ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು, ಎಲ್ಲವನ್ನೂ ಬರೆಯಬೇಕು. ಹೇಳಲು ಒಪ್ಪದವರನ್ನು ಬಲವಂತ ಮಾಡಬೇಡಿ. ಗೆರೆ ಹಾಕಿದ ನೋಟುಬುಕ್ಕು ಒಂದೊಂದು, ಪೆನ್ಸಿಲು ಒಂದೊಂದು ನೀವೇ ತನ್ನಿ.