ಲಿಫ್ಟಿನ ಟಿಂಗ್ ಸದ್ದು ಮತ್ತು ನಮ್ಮ ಚಿಂಗಿ

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು, ಊರು ಧಾರವಾಡ. ನಾಯಿ ತರಬೇತಿ ನನ್ನ ಕಸುಬಲ್ಲ. ಇವತ್ತು ಹೇಳೋದು ಒಂದೇ ಒಂದು ನಾಯಿಯ ಕಥೆ. ಅದರಲ್ಲೂ ಅರ್ಧ ನನ್ನ ತಪ್ಪುಗಳೇ.

ಚಿಂಗಿ ಬೀದಿನಾಯಿ. ಸುಮಾರು ಒಂದು ವರ್ಷದವಳಿದ್ದಾಗ ಮನೆಗೆ ತಂದೆವು. ಮೊದಲ ನಾಲ್ಕು ದಿನ ವಾಷಿಂಗ್ ಮಶೀನ್ ಹಿಂದಿನಿಂದ ಹೊರಗೇ ಬರಲಿಲ್ಲ. ರಾತ್ರಿ ನಾವು ಮಲಗಿದ ಮೇಲೆ ಬಂದು ತಿನ್ನೋಳು. ನಮ್ಮದು ಏಳನೇ ಮಹಡಿ. ಲಿಫ್ಟ್ ಬಂದು 'ಟಿಂಗ್' ಅಂದ್ರೆ ಸಾಕು, ನೆಲಕ್ಕೆ ಅಂಟಿಕೊಂಡು ನಡುಗಿ ಅಲ್ಲೇ ಉಚ್ಚೆ ಹೊಯ್ದುಬಿಡೋಳು. ಹತ್ತಿರ ಯಾರಾದ್ರೂ ಬಂದ್ರೆ ಗುರ್ ಅನ್ನೋಳು.

ಒಬ್ಬ ತರಬೇತುದಾರರನ್ನ ಕರೆಸಿದೆ. "ಮುದ್ದು ಮಾಡಿ ನೀವೇ ಭಯ ಬೆಳೆಸ್ತಿದ್ದೀರಿ, ಯಜಮಾನ ಯಾರು ಅಂತ ತೋರಿಸಿ" ಅಂದ್ರು. ಗುರ್ ಅಂದಾಗಲೆಲ್ಲ ಕೊರಳಪಟ್ಟಿ ಜಗ್ಗಬೇಕು. ಎರಡು ವಾರ ಜಗ್ಗಿದೆ, ಇದೇ ಕೈಯಿಂದ. ಗುರ್ ಅನ್ನೋದು ನಿಂತೇಹೋಯ್ತು. ಗೆದ್ದೆ ಅಂದ್ಕೊಂಡೆ. ಮೂರನೇ ವಾರ ಪಕ್ಕದ ಮನೆಯವರು ಲಿಫ್ಟಿನಿಂದ ಇಳಿದು, ಪ್ರೀತಿಯಿಂದಲೇ, ತಲೆ ಸವರೋಕೆ ಬಗ್ಗಿದ್ರು. ಒಂದು ಸದ್ದೂ ಇಲ್ಲದೆ ಕೈ ಕಚ್ಚಿದಳು. ರೇಬೀಸ್ ಚುಚ್ಚುಮದ್ದು, ಸೊಸೈಟಿ ಮೀಟಿಂಗ್, "ಎಲ್ಲಾದ್ರೂ ಬಿಟ್ಟುಬನ್ನಿ" ಅನ್ನೋ ಮಾತು, ಎಲ್ಲಾ ಆಯ್ತು.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟು: ಬಗ್ ಸರಿ ಮಾಡದೆ ಎರರ್ ಮೆಸೇಜ್ ಮಾತ್ರ ಅಳಿಸಿಹಾಕಿದ್ದೆ. ಗುರ್ ಅನ್ನೋದು 'ದೂರ ಇರಿ' ಅಂತ ಅವಳು ಕೊಡ್ತಿದ್ದ ಎಚ್ಚರಿಕೆ. ಅದನ್ನ ನಾನೇ ಬಿಡಿಸಿದ್ದೆ. ಭಯ ಇದ್ದಲ್ಲೇ ಇತ್ತು.

ಆಮೇಲೆ ಓದೋಕೆ ಶುರು ಮಾಡಿದೆ. ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ 2021ರಲ್ಲಿ ಪ್ರಕಟಿಸಿದ ನಿಲುವು ಸ್ಪಷ್ಟವಾಗಿದೆ: ಎಲ್ಲಾ ನಾಯಿಗಳಿಗೂ ಬಹುಮಾನದ ಪದ್ಧತಿಯೇ ಸರಿ, ವರ್ತನೆಯ ತೊಂದರೆ ಇರೋ ನಾಯಿಗೂ ಅದೇ. ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ. 'ಕೂತ್ಕೋ' ಅಂದಾಗ ಕೂತರೆ ಬಿಸ್ಕೆಟ್ ಕೊಡ್ತೀವಲ್ಲ, ಅದು ಮಾಡಿದ ಕೆಲಸಕ್ಕೆ ಸಂಬಳ. ಹೆದರಿದ ನಾಯಿಗೆ ಮೊದಲು ಬೇಕಾದ್ದು ಅದಲ್ಲ. ಅವಳು ಏನೂ ಮಾಡಬೇಕಾಗಿಲ್ಲ. ಟಿಂಗ್ ಅಂದ್ರೆ ಚಿಕನ್ ಬರುತ್ತೆ, ಅಷ್ಟೇ. ಪಾವ್ಲೋವ್‌ನ ಹಳೇ ಲೆಕ್ಕ. ಚಿಕನ್ ಕೊಟ್ರೆ ಭಯಕ್ಕೇ ಬಹುಮಾನ ಕೊಟ್ಟಂಗಾಗಲ್ವಾ ಅಂತ ಬಹಳ ಜನ ಕೇಳ್ತಾರೆ. ಹೆದರಿದ ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡ್ರೆ ಅದರ ಹೆದರಿಕೆ ಹೆಚ್ಚಾಗುತ್ತಾ?

ಇಲ್ಲೂ ಎಡವಿದೆ. ಲಿಫ್ಟ್ ಬರೋ ಮುಂಚೆ ಚಿಕನ್ ಡಬ್ಬಿ ತೆಗೆದು ರೆಡಿ ಇರ್ತಿದ್ದೆ, ಡಬ್ಬಿ ಕಿರ್ ಅಂದ ಮೇಲೆ ಟಿಂಗ್. ಒಂದೇ ವಾರದಲ್ಲಿ ಅವಳು ಡಬ್ಬಿಗೇ ಹೆದರೋಕೆ ಶುರು ಮಾಡಿದಳು! ಎಂಟೆಕ್ ಮಾಡಿದ್ದು ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ, ಸಿಗ್ನಲ್ ಯಾವುದು ಮೊದಲು ಅಂತಲೇ ನೋಡಿರಲಿಲ್ಲ. ಸದ್ದು ಮೊದಲು, ತಿಂಡಿ ಆಮೇಲೆ. ಹಿಂದುಮುಂದಾದ್ರೆ ತಿಂಡಿಯೇ ಕೆಟ್ಟ ಸುದ್ದಿ.

ಮತ್ತೆ ಮೊದಲಿಂದ ಶುರು. ಟಿಂಗ್ ಸದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ, ಕಿವಿ ನಿಮಿರೋಷ್ಟು ಮಾತ್ರ ಸಣ್ಣಗೆ ಹಾಕಿ, ಹಿಂದೆಯೇ ಕೈಯಿಂದ ಒಂದು ಚೂರು ಚಿಕನ್. ಚಿಕನ್ ಬೇಡ ಅಂದ್ರೆ ಭಯ ಮಿತಿ ಮೀರಿದೆ ಅಂತ ಅರ್ಥ. ಸದ್ದು ಇಳಿಸು ಇಲ್ಲಾ ದೂರ ಹೋಗು. ಮೂಗು ನೆಕ್ಕೋದು, ನಿದ್ದೆ ಇಲ್ಲದೆ ಆಕಳಿಸೋದು, ಕಣ್ಣಿನ ಬಿಳಿ ಕಾಣೋ ಹಾಗೆ ಓರೆಯಾಗಿ ನೋಡೋದು, ಇವೆಲ್ಲ ಗುರ್ ಅನ್ನೋದಕ್ಕಿಂತ ಮೊದಲೇ ಬರ್ತವೆ. ಹಾಲ್ ಆದ ಮೇಲೆ ಬಾಗಿಲು, ಆಮೇಲೆ ಕಾರಿಡಾರ್. ಅಭ್ಯಾಸದ ಹೊತ್ತು ಬಿಟ್ಟು ಲಿಫ್ಟಿನ ಸಹವಾಸವೇ ಬೇಡ ಅಂತ ನಾಲ್ಕು ತಿಂಗಳು ದಿನಕ್ಕೆ ಮೂರು ಸಲ ಏಳು ಮಹಡಿ ಹತ್ತಿ ಇಳಿದೆವು. ಪಕ್ಕದ ಮನೆಯವರಿಗೂ ಧೈರ್ಯ ಇರಲಿ ಅಂತ, ಮೊಸರು ನೆಕ್ಕಿಸ್ತಾ ನೆಕ್ಕಿಸ್ತಾ ಬಾಯಿಬುಟ್ಟಿ ಹಾಕೋದನ್ನೂ ಕಲಿಸಿದೆ.

ಅವ್ವ ಆಗ ಬಂದಿದ್ಲು. ದಿನಾ ನೋಡಿ ನೋಡಿ ಒಂದಿನ ಅಂದ್ಲು, "ಅಲ್ಲೋ ತಮ್ಮಾ, ನಿನಗೂ ಹಿಂಗ ಕುಂದ್ರಿಸಿ ಒಂದೊಂದು ಪೇಢೆ ಕೊಟ್ಟು ಮಗ್ಗಿ ಕಲಿಸಿದ್ರ ಛಲೋ ಇತ್ತು ನೋಡು." ನನಗೆ ಮಗ್ಗಿ ಕಲಿಸಿದ್ದು ಫುಟ್‌ಪಟ್ಟಿ. ಅವ್ವ ನಗಲಿಲ್ಲ, ನಾನೂ ನಗಲಿಲ್ಲ.

ಈಗ ಟಿಂಗ್ ಅಂದ್ರೆ ಚಿಂಗಿ ನನ್ನ ಜೇಬು ನೋಡ್ತಾಳೆ. ಲಿಫ್ಟಲ್ಲಿ ನಾವಿಬ್ಬರೇ ಇದ್ರೆ ಇಳೀತಾಳೆ, ಜನ ತುಂಬಿದ್ರೆ ಬಿಟ್ಟುಬಿಡ್ತೀವಿ. ದೀಪಾವಳಿ ಪಟಾಕಿಗೆ ಈ ಯಾವುದೂ ಸಾಲಲ್ಲ, ಪಶುವೈದ್ಯರು ಬರೆದುಕೊಟ್ಟ ಮಾತ್ರೆ ಬೇಕೇಬೇಕು. ಅದರಲ್ಲಿ ನಾಚಿಕೆ ಪಡೋದೇನಿಲ್ಲ.

ಪಕ್ಕದ ಮನೆಯವರು ಈಗ ಬಗ್ಗೋದಿಲ್ಲ. ಪಕ್ಕಕ್ಕೆ ತಿರುಗಿ, ಕೈ ಜೇಬಲ್ಲಿಟ್ಟು, ಗೋಡೆ ನೋಡ್ತಾ ನಿಲ್ತಾರೆ. ಮೊನ್ನೆ ಚಿಂಗಿ ತಾನಾಗೇ ಹೋಗಿ ಅವರ ಚಪ್ಪಲಿ ಮೂಸಿದಳು. ಅವರು ಉಸಿರು ಬಿಗಿ ಹಿಡಿದಿದ್ರು, ನಾನೂ. ಮೂಸಿ ವಾಪಸ್ ಬಂದು ನನ್ನ ಜೇಬಿಗೆ ಮೂತಿ ತಾಗಿಸಿದಳು.

ಪ್ರಶ್ನೆ ಇದ್ರೆ ಕೇಳಿ.