ದಿಂಬಿಗೊಂದು ಗವಸು

ಒರಗುದಿಂಬಿಗೆ ತೊಡಿಸುವ ಬಟ್ಟೆಯನ್ನು ನಮ್ಮ ಕಡೆ ಗವಸು ಎನ್ನುತ್ತಾರೆ. ಹಳೆಯ ಕಾವ್ಯಗಳಲ್ಲಿ ಗವಸಣಿಗೆ ಎಂಬ ರೂಪವೂ ಉಂಟು. ಉತ್ತರ ಕರ್ನಾಟಕದ ಮನೆಗಳಲ್ಲಿ ಗಲೀಫು ಎಂಬ ಮಾತು ಕೇಳಿಬರುತ್ತದೆ. ಅದು ಅರಬ್ಬಿ ಫಾರಸಿಗಳ ದಾರಿಯಿಂದ ಬಂದದ್ದು. ಪದ ಯಾವುದೇ ಇರಲಿ, ತೊಡಿಸುವುದಕ್ಕೂ ಕಳಚುವುದಕ್ಕೂ ಬರಬೇಕೆಂಬುದೇ ಅದರ ಲಕ್ಷಣ. ನಾಲ್ಕು ಕಡೆಯೂ ಹೊಲಿದು ಮುಚ್ಚಿಬಿಟ್ಟರೆ ಅದು ಗವಸಲ್ಲ, ದಿಂಬಿನ ಚರ್ಮ.

ಈ ಭೇದವನ್ನು ನಾನು ನಿಘಂಟಿನಿಂದ ಕಲಿಯಲಿಲ್ಲ. ನಮ್ಮ ತಾಯಿಯವರಿಗೆ ಉಬ್ಬಸ. ರಾತ್ರಿ ಚಪ್ಪಟೆಯಾಗಿ ಮಲಗಲಾರರು. ಬೆನ್ನಿಗೆ ಎರಡು ದಿಂಬು ಕೊಟ್ಟು ಒರಗಿಕೊಂಡೇ ನಿದ್ದೆ. ಅಂಗಡಿಯಿಂದ ತಂದ ಆ ದಿಂಬುಗಳು ನಾಲ್ಕು ಕಡೆಯೂ ಮುಚ್ಚಿದವು. ತಲೆಯ ಎಣ್ಣೆ, ಬೆವರು, ದೂಳು ಎಲ್ಲವೂ ಅವುಗಳಲ್ಲಿಯೇ ಇಂಗುತ್ತಿದ್ದವು. ವೈದ್ಯರು ಔಷಧ ಬರೆದುಕೊಟ್ಟು, "ಇವರು ಮುಖವಿಟ್ಟು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ" ಎಂದರು. ಮನೆಯ ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿರುತ್ತವೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವಕ್ಕೆ ಆಹಾರ. ಅವುಗಳ ಹಿಕ್ಕೆ ಉಸಿರಿನೊಡನೆ ಒಳಗೆ ಹೋದರೆ ಉಬ್ಬಸವುಳ್ಳವರಿಗೆ ಎದೆ ಕಟ್ಟುತ್ತದೆ. ತಣ್ಣೀರಿನಲ್ಲಿ ಒಗೆದರೆ ಈ ನುಸಿಗಳಲ್ಲಿ ಬಹುಪಾಲು ಬದುಕಿಕೊಳ್ಳುತ್ತವೆ. 55ರಿಂದ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ನೀರಿನಲ್ಲಿ ಉಳಿಯುವುದಿಲ್ಲ. ಆದರೆ ಹತ್ತಿ ತುಂಬಿದ ದಿಂಬನ್ನು ಹಾಗೆಯೇ ಒಗೆಯುವುದೆಂತು? ಹತ್ತಿ ಗಂಟು ಕಟ್ಟುತ್ತದೆ, ಒಳಗೆ ಒಣಗದೆ ಮುಗ್ಗಲು ನಾತ ಹಿಡಿಯುತ್ತದೆ. ದಿಂಬನ್ನು ಬಿಸಿಲಿಗೆ ಹಾಕಬಹುದು; ಒಗೆಯಬೇಕಾದದ್ದು ಗವಸನ್ನು.

ಮೊದಲು ಜಿಪ್ಪು ಇರುವ ಎರಡು ಗವಸುಗಳನ್ನು ಕೊಂಡು ತಂದೆ. ಒಗೆಯುವ ಕಲ್ಲಿನ ಏಟಿಗೆ ಜಿಪ್ಪಿನ ಹಲ್ಲುಗಳು ಸೊಟ್ಟಗಾದವು. ಬೇರೆ ಜಿಪ್ಪು ಹಾಕಿಸಲು ದರ್ಜಿ ಕೇಳಿದ ಕೂಲಿ ಹೊಸ ಗವಸಿನ ಬೆಲೆಗೆ ಸಮೀಪವಾಗಿತ್ತು. ಅಲ್ಲದೆ ವಾರವಾರವೂ ಒಗೆಯುವುದಾದರೆ ದಿಂಬಿನ ಮೇಲೆ ಎರಡು, ಹಗ್ಗದ ಮೇಲೆ ಎರಡು, ಮಳೆಗಾಲದಲ್ಲಿ ಒಣಗದಿದ್ದರೆ ಇನ್ನೆರಡು, ಒಟ್ಟು ಆರು ಬೇಕು. ತಿಂಗಳ ಸಂಬಳದಲ್ಲಿ ಆರನ್ನು ಅಂಗಡಿಯಿಂದ ತರುವ ಮಾತಿಲ್ಲ. ಸೂಜಿ ದಾರ ಹಿಡಿದದ್ದು ಹೀಗೆ.

ಜಿಪ್ಪೂ ಬೇಡ, ಗುಂಡಿಯೂ ಬೇಡ, ಕಸೆಯೂ ಬೇಡ. ಹಿಂಬದಿಯಲ್ಲಿ ಬಟ್ಟೆಯ ಎರಡು ಅಂಚುಗಳು ನಾಲ್ಕೈದು ಇಂಚಿನಷ್ಟು ಒಂದರ ಮೇಲೊಂದು ಬರುವಂತೆ ಮಡಿಸಿದರೆ ಸಾಕು, ದಿಂಬಿನ ಭಾರವೇ ಬಾಯನ್ನು ಮುಚ್ಚಿಡುತ್ತದೆ. ಎರಡೇ ಇಂಚು ಬಿಟ್ಟಿರೋ, ದಿಂಬು ಇಣುಕಿ ನೋಡುತ್ತದೆ.

ಇನ್ನು ಲೆಕ್ಕ. 1956ರ ಕಾಯಿದೆಯಿಂದ ಮೀಟರು ಬಂದರೂ ದರ್ಜಿಯ ಟೇಪಿನಿಂದ ಇಂಚು ಹೋಗಿಲ್ಲ. ಬಟ್ಟೆಯನ್ನು ಮೀಟರಿನಲ್ಲಿ ಕೊಳ್ಳುತ್ತೇವೆ, ಇಂಚಿನಲ್ಲಿ ಕತ್ತರಿಸುತ್ತೇವೆ. ದಿಂಬು 16 ಇಂಚು ಚೌಕವೆನ್ನಿ. ಮುಂಬದಿಗೆ 16, ಹಿಂಬದಿಗೆ 16, ಒಂದರ ಮೇಲೊಂದು ಬರುವ ಭಾಗಕ್ಕೆ 5, ಎರಡು ತುದಿಗಳನ್ನು ಮಡಚಿ ಹೊಲಿಯಲು ಒಂದೊಂದು: ಒಟ್ಟು 39 ಇಂಚು ಉದ್ದ. ಒಂದು ಮೀಟರು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಗಲಕ್ಕೆ 16, ಅಕ್ಕಪಕ್ಕದ ಹೊಲಿಗೆಗೆ ಅರ್ಧರ್ಧ ಇಂಚು: 17. ಹೀಗಾಗಿ 36 ಇಂಚು ಪನ್ನದ ಒಂದು ಮೀಟರು ಬಟ್ಟೆಯಲ್ಲಿ ಎರಡು ಗವಸುಗಳಾಗುತ್ತವೆ. ಎರಡು ಮೀಟರು ತಂದು ನಾಲ್ಕು ಹೊಲಿದೆ.

ಆ ನಾಲ್ಕರಲ್ಲಿ ಮೊದಲ ಎರಡು ಕೆಟ್ಟವು. ಬಟ್ಟೆಯನ್ನು ನೆನೆಸದೆ ಕತ್ತರಿಸಿದ್ದೆ. ಬಿಸಿನೀರು ಕಂಡೊಡನೆ ಹತ್ತಿಯ ಬಟ್ಟೆ ಕುಗ್ಗಿತು. ದಿಂಬನ್ನು ತುರುಕುವಾಗ ಹೊಲಿಗೆ ಬಿಟ್ಟುಕೊಂಡಿತು. ಒಂದು ರಾತ್ರಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಅಳೆಯಬೇಕು. ಆಗ ಉದ್ದದಲ್ಲಿ ಇಂಚು ಕಡಿಮೆಯಾದರೂ ಅದು 5 ಇಂಚಿನ ಭಾಗದಲ್ಲಿ ಕಳೆಯುತ್ತದೆಯೇ ಹೊರತು ಚೌಕದಲ್ಲಲ್ಲ. ನೆನೆಸುವ ನೀರಿಗೆ ಉಪ್ಪು ಹಾಕಿದರೆ ಬಣ್ಣ ನಿಲ್ಲುವುದೆನ್ನುವವರಿದ್ದಾರೆ. ನಾನು ಅದನ್ನು ನೆಚ್ಚುವುದಿಲ್ಲ. ಬಣ್ಣ ಬಿಡುವ ಬಟ್ಟೆಯನ್ನು ಬೇರೆಯಾಗಿಯೇ ಒಗೆಯುತ್ತೇನೆ.

ಹಾಸುಹೊಕ್ಕು ಎಂಬ ಮಾತಿಗೆ ತರಗತಿಯಲ್ಲಿ ಎಷ್ಟೋ ವರ್ಷ ಅರ್ಥ ಹೇಳಿದ್ದೇನೆ. ಅದು ಕೈಗೆ ತಿಳಿದದ್ದು ಕತ್ತರಿ ಹಿಡಿದ ಮೇಲೆ. ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡಕ್ಕೆ ಬರುವುದು ಹೊಕ್ಕು. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದತ್ತ ಹಿಗ್ಗುತ್ತದೆ, ಗವಸು ಸೊಟ್ಟಗಾಗುತ್ತದೆ. ಅಂಚಿನಿಂದ ಹೊಕ್ಕಿನ ಒಂದೇ ಎಳೆಯನ್ನು ಮೆಲ್ಲಗೆ ಸೆಳೆದುಬಿಡಿ. ಬಟ್ಟೆಯ ಮೇಲೆ ನೇರವಾದ ಗೆರೆ ಮೂಡುತ್ತದೆ. ಕತ್ತರಿ ಆ ಗೆರೆಯ ಮೇಲೆಯೇ ಹೋಗಲಿ.

ತುದಿಗಳನ್ನು ಮೊದಲು ಮಡಚಿ ಹೊಲಿದು, ಬಟ್ಟೆಯನ್ನು ಹೊರಮೈ ಮೇಲಾಗುವಂತೆ ಹಾಸಿ. ಒಂದು ತುದಿಯನ್ನು ಒಳಕ್ಕೆ ಮಡಿಸಿ, ಅದರ ಮೇಲೆ ಇನ್ನೊಂದನ್ನು ಮಡಿಸಿ, 16 ಇಂಚು ಆಯಿತೇ ಎಂದು ನೋಡಿ, ಗುಂಡುಸೂಜಿ ಚುಚ್ಚಿ. ಮೊದಲು ಮಡಿಸಿದ ತುದಿಯೇ ತಿರುವಿದ ಮೇಲೆ ಹೊರಗೆ ಕಾಣುವುದು. ಆದ್ದರಿಂದ ಅಂದವಾದ ಅಂಚನ್ನು ಮೊದಲು ಮಡಿಸಿ. ಎರಡು ಪಕ್ಕಗಳನ್ನು ಹೊಲಿದರೆ ಕೆಲಸ ಮುಗಿಯಿತು. ಯಂತ್ರವಿಲ್ಲದವರು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಎರಡು ಹೆಜ್ಜೆ ಮುಂದಕ್ಕೆ ತೆಗೆಯುವ ಹೊಲಿಗೆ ಹಾಕಲಿ, ಅದು ಬಿಡುವುದಿಲ್ಲ. ಮೂರು ಪದರ ಸೇರುವ ಕಡೆ ಎರಡು ಸಾಲು ಇರಲಿ, ದಿಂಬು ತೆಗೆಯುವಾಗ ಕೈ ಎಳೆಯುವುದು ಅಲ್ಲಿಯೇ. ಮೂಲೆಯಲ್ಲಿ ಹೆಚ್ಚಿನ ಬಟ್ಟೆಯನ್ನು ಹೊಲಿಗೆಗೆ ತಾಗದಂತೆ ಕತ್ತರಿಸಿ, ತಿರುವಿ, ಸೌಟಿನ ಹಿಡಿಯಿಂದ ಒತ್ತಿದರೆ ಮೂಲೆ ನಿಲ್ಲುತ್ತದೆ.

ಐದನೆಯ ಗವಸಿಗೆ ಬಟ್ಟೆ ಕೊಳ್ಳಲಿಲ್ಲ. ತಾಯಿಯವರೇ ತಮ್ಮ ಹಳೆಯ ನೂಲಿನ ಸೀರೆಯೊಂದನ್ನು ಪೆಟ್ಟಿಗೆಯಿಂದ ತೆಗೆದು ಮುಂದಿಟ್ಟರು. ನನಗೆ ಕತ್ತರಿ ಹಾಕಲು ಕೈ ಬರಲಿಲ್ಲ. "ಉಡುವುದಕ್ಕೆ ಆಗದ್ದು ಒರಗುವುದಕ್ಕಾದರೂ ಆಗಲಿ, ನೋಡುತ್ತಾ ಕೂತರೆ ಏನು ಬಂತು" ಎಂದು ಅವರೇ ಗದರಿದರು. ಸೀರೆಯ ಪನ್ನ 45 ಇಂಚು. ಉದ್ದದಲ್ಲಿ 17 ಇಂಚು ಅಳೆದು ಅಡ್ಡಲಾಗಿ ಕತ್ತರಿಸಿದರೆ ಒಂದು ಗವಸಿಗೆ ಆಯಿತು. ಎರಡು ತುದಿಗಳಲ್ಲಿಯೂ ನೇಕಾರ ನೆಯ್ದ ಅಂಚೇ ಇರುವುದರಿಂದ ಮಡಚಿ ಹೊಲಿಯುವ ಕೆಲಸವೇ ಇಲ್ಲ. ಹಿಂಬದಿಯಲ್ಲಿ 13 ಇಂಚು ಒಂದರ ಮೇಲೊಂದು ಬರುತ್ತದೆ. ಹೆಚ್ಚಾಯಿತೆಂದು ಅಂಚನ್ನು ಕತ್ತರಿಸಬೇಡಿ, ಸವೆದ ಬಟ್ಟೆಗೆ ಅಷ್ಟು ಬಲ ಬೇಕು. ಮುಂಬದಿಗೆ ಒಳಗಡೆ ಹಳೆಯ ಪಂಚೆಯ ತುಂಡನ್ನು ಕೊಟ್ಟೆ. ಸೆರಗನ್ನು ಮಾತ್ರ ಮುಟ್ಟಿಲ್ಲ, ಅದು ಪೆಟ್ಟಿಗೆಯಲ್ಲಿಯೇ ಇದೆ.

ಉಬ್ಬಸ ಗವಸಿನಿಂದ ಹೋಗುವುದಿಲ್ಲ. ಔಷಧ ನಡೆದೇ ಇದೆ. ಬೆಳಗಿನ ಜಾವದಲ್ಲಿ ಎದ್ದು ಕೂರುವುದು ಕಡಿಮೆಯಾಗಿದೆ ಎಂದು ಅವರು ಹೇಳುತ್ತಾರೆ. ಆರನೆಯದನ್ನು ಮಳೆ ಹಿಡಿಯುವುದರೊಳಗೆ ಹೊಲಿಯಬೇಕು.